ಕತ್ತಲಾದ ಮೇಲೆ ಬಂದ ಘಮ

ಬ್ರಸಾವೋಲ ನೊಡೋಸಾ ಎಂಬ ಆರ್ಕಿಡ್ ಮೊದಲ ಸಲ ಅರಳಿದ ಬೆಳಗ್ಗೆ ಹೂವಿಗೆ ಮೂಗು ಹತ್ತಿರ ಒಯ್ದೆ. ಏನೂ ಇಲ್ಲ. ಮಧ್ಯಾಹ್ನ ಮತ್ತೆ ನೋಡಿದೆ, ಆಗಲೂ ಇಲ್ಲ. ಪರಿಮಳಕ್ಕೆಂದೇ ತಂದು ಎರಡು ವರ್ಷ ಸಾಕಿದ ಗಿಡ ಅದು. ಬೇರೆ ಯಾವುದೋ ತಳಿ ಕೈಗೆ ಬಂದಿರಬೇಕು ಅಂದುಕೊಂಡು ಸುಮ್ಮನಾದೆ. ರಾತ್ರಿ ದೀಪ ಆರಿಸಲು ಹೋದರೆ ಕೋಣೆ ತುಂಬ ನಿಂಬೆಹೂವಿನಂಥ ಕಂಪು! ಕತ್ತಲಲ್ಲೇ ಕಿಟಕಿಯ ಹತ್ತಿರ ಹೋದೆ. ಸಪೂರ ಹಸಿರು ಎಸಳು, ನಡುವೆ ಅಗಲವಾದ ಬಿಳಿ ತುಟಿ. ಆ ಮೂರು ಹೂಗಳದೇ ಘಮ. ಇದಕ್ಕೆ 'ಲೇಡಿ ಆಫ್ ದ ನೈಟ್' ಎಂಬ ಹೆಸರಿರುವುದು ಮೊದಲೇ ಗೊತ್ತಿತ್ತು. ಅರ್ಥವಾಗಿದ್ದು ಆ ರಾತ್ರಿ.

ಈ ಹೂವನ್ನು ಹುಡುಕಿ ಬರುವುದು ರಾತ್ರಿ ಹಾರುವ ಪತಂಗ. ಹಗಲಲ್ಲಿ ಘಮ ಚೆಲ್ಲಿ ಅದಕ್ಕೆ ಪ್ರಯೋಜನವೇನು? ಮಡಗಾಸ್ಕರಿನ ಆಂಗ್ರೇಕಮ್ ಸೆಸ್ಕ್ವಿಪಿಡೇಲ್ ಎಂಬ ಆರ್ಕಿಡ್ ಕೂಡ ಇದೇ ಬಗೆಯದು. ಅದರ ಹೂವಿನ ಹಿಂದೆ ಸುಮಾರು 30 ಸೆಂಟಿಮೀಟರ್ ಉದ್ದದ ಮಕರಂದದ ಕೊಳವೆ ಇರುತ್ತದೆ. ಅಷ್ಟುದ್ದ ನಾಲಿಗೆಯ ಪತಂಗ ಅಲ್ಲಿ ಇರಲೇಬೇಕೆಂದು ಡಾರ್ವಿನ್ 1862ರಲ್ಲಿ ಬರೆದರು. ಅಲ್ಲಿನ ಆ ಪತಂಗವನ್ನು ವಿಜ್ಞಾನಿಗಳು ಹೆಸರಿಟ್ಟು ದಾಖಲಿಸಿದ್ದು 1903ರಲ್ಲಿ. ಫೆಲನಾಪ್ಸಿಸ್ ಬೆಲ್ಲಿನಾ ಎಂಬ ಇನ್ನೊಂದು ಆರ್ಕಿಡ್ಡಿನದು ಇದಕ್ಕೆ ತದ್ವಿರುದ್ಧ. ಬೋರ್ನಿಯೋದ ಈ ಗಿಡ ಘಮಿಸುವುದು ಹಗಲಲ್ಲಿ. ಅದರ ಕಂಪಿನಲ್ಲಿ ಮುಖ್ಯವಾಗಿರುವುದು ಜೆರಾನಿಯಾಲ್ ಮತ್ತು ಲಿನಲೂಲ್ ಎಂಬ ಪರಿಮಳದ ರಾಸಾಯನಿಕಗಳು; ಗುಲಾಬಿಯಲ್ಲೂ ಜೆರಾನಿಯಾಲ್ ಇದೆ. ಸಂಜೆ ಹೊತ್ತಿಗೆ ಮೂಸಿದವರು ಇದಕ್ಕೆ ಪರಿಮಳವೇ ಇಲ್ಲ ಎಂದಾರು.

ಹೂವಿಗೆ ಮಾತ್ರವಲ್ಲ, ಬೇರಿಗೂ ತನ್ನದೇ ಹೊತ್ತಿದೆ. ಇದನ್ನು ಕಲಿಯಲು ನಾನು ಒಂದು ಗಿಡ ಕಳೆದುಕೊಳ್ಳಬೇಕಾಯಿತು. ಅದೂ ಬೆಲ್ಲಿನಾನೇ. ಎರಡು ದಿನಕ್ಕೊಮ್ಮೆ ನೀರು ಎಂದು ಲೆಕ್ಕ ಇಟ್ಟುಕೊಂಡು ತಪ್ಪದೆ ಹಾಕಿದೆ. ಎಲೆ ಜೋತುಬಿದ್ದಾಗ ಬಾಯಾರಿದೆ ಎಂದು ಇನ್ನಷ್ಟು ಹಾಕಿದೆ. ಕೊನೆಗೆ ಕುಂಡದಿಂದ ತೆಗೆದು ನೋಡಿದರೆ ಬೇರುಗಳೆಲ್ಲ ಕಂದು. ಬೆರಳಲ್ಲಿ ಹಿಡಿದೆಳೆದರೆ ಸಿಪ್ಪೆ ಕಳಚಿ ಒಳಗಿನ ದಾರದಂಥ ಎಳೆ ಮಾತ್ರ ಕೈಗೆ ಬಂತು. ಬೇರು ಕೊಳೆತದ್ದರಿಂದಲೇ ಎಲೆಗೆ ನೀರು ಹೋಗುತ್ತಿರಲಿಲ್ಲ.

ನನ್ನ ಈ ಆರ್ಕಿಡ್‌ಗಳು ಮರದ ಕೊಂಬೆಗೆ ಅಂಟಿಕೊಂಡು ಬದುಕುವ ಗಿಡಗಳು. ಬಂದಳಿಕೆಯಂತೆ ಮರದ ರಸ ಹೀರುವುದಿಲ್ಲ, ಆಸರೆ ಮಾತ್ರ ಪಡೆಯುತ್ತವೆ. ಮಳೆ ಬಂದಾಗ ಬೇರು ನೆನೆಯುತ್ತದೆ, ಗಾಳಿಗೆ ಒಣಗುತ್ತದೆ. ಬೇರಿನ ಮೇಲೆ ಸ್ಪಂಜಿನಂಥ ಪದರವಿದೆ, ವೆಲಾಮೆನ್ ಎನ್ನುತ್ತಾರೆ. ಒಣಗಿದಾಗ ಅದು ಬೆಳ್ಳಿ ಬಣ್ಣ. ನೀರು ಬಿದ್ದ ಕೆಲವೇ ಕ್ಷಣಗಳಲ್ಲಿ ನೋಡನೋಡುತ್ತಿದ್ದಂತೆ ಹಸಿರಾಗುತ್ತದೆ. ಈಗ ನಾನು ದಿನ ಎಣಿಸುವುದಿಲ್ಲ. ಪಾರದರ್ಶಕ ಕುಂಡದಲ್ಲಿ ಬೇರು ಬೆಳ್ಳಗಾಗಿದೆಯೇ, ಕುಂಡ ಹಗುರವಾಗಿದೆಯೇ ಎಂದು ನೋಡಿ ನೀರು ಹಾಕುತ್ತೇನೆ. ಹಾಕುವುದು ಬೆಳಗ್ಗೆಯೇ. ಫೆಲನಾಪ್ಸಿಸ್ಸಿನ ಸುಳಿಯಲ್ಲಿ ರಾತ್ರಿಯಿಡೀ ನೀರು ನಿಂತರೆ ಸುಳಿಯೇ ಕೊಳೆಯುತ್ತದೆ, ಹಾಗಾಗಿ ಅಲ್ಲಿ ಬಿದ್ದ ಹನಿಯನ್ನು ಹತ್ತಿಯಿಂದ ಒತ್ತಿ ತೆಗೆಯುತ್ತೇನೆ.

ಮಣ್ಣು ಬೇಡವೇ ಬೇಡ. ಒಂದೆರಡು ಸೆಂಟಿಮೀಟರ್ ಗಾತ್ರದ ಮರದ ತೊಗಟೆ ಚೂರು, ಜೊತೆಗೆ ಒಂದಿಷ್ಟು ಇದ್ದಿಲು, ಇಷ್ಟೇ ನನ್ನ ಮಿಶ್ರಣ. ಬ್ರಸಾವೋಲವನ್ನಂತೂ ಕುಂಡದಿಂದ ಬಿಡಿಸಿ ಮರದ ತುಂಡಿಗೆ ಕಟ್ಟಿದ್ದೇನೆ. ಆಮೇಲೆ ಬಂದ ಬೇರುಗಳು ತೊಗಟೆಗೆ ಎಷ್ಟು ಬಿಗಿಯಾಗಿ ಅಂಟಿವೆಯೆಂದರೆ ಈಗ ದಾರವೇ ಬೇಕಿಲ್ಲ. ಹೀಗೆ ಕಟ್ಟಿದ ಗಿಡ ಬೇಗ ಒಣಗುತ್ತದೆ, ಸೆಕೆಯ ದಿನಗಳಲ್ಲಿ ದಿನವೂ ನೀರು ಬೇಕು. ಹಾಗೆಂದು ಎಲ್ಲ ಗಿಡವನ್ನೂ ಒಣಗಿಸಿದರೆ ಆಗದು. ಚಾಕೊಲೇಟಿನ ಘಮದ ಶ್ಯಾರಿ ಬೇಬಿ ಎಂಬ ಆನ್ಸಿಡಿಯಮ್ ಜಾತಿಯ ಆರ್ಕಿಡ್ಡಿಗೆ ಒಮ್ಮೆ ನೀರು ಕಡಿಮೆಯಾಗಿ ಹೊಸ ಎಲೆ ಬೀಸಣಿಗೆಯ ಮಡಿಕೆಯಂತೆ ಸುಕ್ಕಾಗಿ ಬಂತು. ಆಮೇಲೆಷ್ಟು ನೀರು ಕೊಟ್ಟರೂ ಆ ಸುಕ್ಕು ಹೋಗಲಿಲ್ಲ; ಮುಂದಿನ ಚಿಗುರು ನೆಟ್ಟಗೆ ಬಂತು.

ಹೂವು ಬಾರದಿದ್ದರೆ ಬಹುಪಾಲು ಬೆಳಕಿನ ಕೊರತೆ. ಕಡುಹಸಿರು ಎಲೆ ಕಂಡರೆ ನಮಗೆ ಖುಷಿ, ಗಿಡಕ್ಕೆ ಅದು ಕತ್ತಲೆಯ ಗುರುತು. ಎಲೆ ತಿಳಿಹಸಿರಾಗಿರಬೇಕು. ಬ್ರಸಾವೋಲ, ಶ್ಯಾರಿ ಬೇಬಿಗಳಿಗೆ ಪೂರ್ವದ ಕಿಟಕಿಯ ಎಳೆಬಿಸಿಲು ನೇರ ಬೀಳಲಿ. ಬೆಲ್ಲಿನಾಕ್ಕೆ ಪರದೆಯ ಹಿಂದಿನ ಬೆಳಕು ಸಾಕು. ಗೊಬ್ಬರದ ಬಗ್ಗೆ ಹೆಚ್ಚು ಹೇಳುವುದಿಲ್ಲ: 20-20-20 ಪುಡಿ (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮ ಇರುವುದು), ಪೊಟ್ಟಣದಲ್ಲಿ ಬರೆದದ್ದರ ಕಾಲು ಪಾಲು, ಚಿಗುರು ಬರುವ ಕಾಲದಲ್ಲಿ ವಾರಕ್ಕೊಮ್ಮೆ, ತಿಂಗಳಿಗೊಮ್ಮೆ ಬರೀ ನೀರಿನಿಂದ ಕುಂಡವನ್ನು ಚೆನ್ನಾಗಿ ತೊಳೆಯುವುದು. ಎಲೆಯ ಬುಡದಲ್ಲಿ ಬಿಳಿ ಹಿಟ್ಟುತಿಗಣೆ ಕಂಡರೆ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ವಾರ ಬಿಟ್ಟು ಮತ್ತೆ ಒರೆಸಿ. ಮರಿಗಳು ಉಳಿದೇ ಇರುತ್ತವೆ.

ಬೆಲ್ಲಿನಾದ ಹೂಕಡ್ಡಿಯನ್ನು ಮಾತ್ರ, ಹಸಿರಿರುವತನಕ, ದಯವಿಟ್ಟು ಕತ್ತರಿಸಬೇಡಿ. ಹೂ ಉದುರಿದ ಮೇಲೆ ಬೋಳಾಗಿ ಕಾಣುತ್ತದೆ, ಕೈ ಕತ್ತರಿಗೆ ಹೋಗುತ್ತದೆ. ಆದರೆ ಅದೇ ಕಡ್ಡಿಯ ತುದಿಯಿಂದ ಒಂದೊಂದಾಗಿ ಮತ್ತೆ ಮೊಗ್ಗು ಬರುತ್ತದೆ. ನಾನು ಎರಡನೆಯದಾಗಿ ತಂದ ಬೆಲ್ಲಿನಾದ ಹಳೆಯ ಕಡ್ಡಿಯಲ್ಲಿ ಇವತ್ತು ಮೆಣಸಿನ ಕಾಳಿನಷ್ಟು ಮೊಗ್ಗು ಕಂಡಿದೆ. ಅದನ್ನು ಓದುವ ಮೇಜಿನ ಪಕ್ಕಕ್ಕೆ ತಂದಿಟ್ಟಿದ್ದೇನೆ, ಹಗಲಲ್ಲಿ ನಾನು ಕೂರುವ ಜಾಗ ಅದು. ಬ್ರಸಾವೋಲ ಇರುವುದು ಮಲಗುವ ಕೋಣೆಯ ಕಿಟಕಿಯಲ್ಲಿ.