ರೂಟರ್ ವೇಗ ಡಯಲ್‌ನ ಮಾತು ಕೇಳದಿದ್ದರೆ

ವೇಗದ ಡಯಲ್ ಎಷ್ಟಕ್ಕೆ ಇಟ್ಟರೂ ಮರ ಕೊರೆಯುವ ರೂಟರ್ ಯಂತ್ರ ಫುಲ್ ಸ್ಪೀಡಲ್ಲೇ ಓಡುತ್ತಿದ್ದರೆ ದೊಡ್ಡ ಬಿಟ್ (ಕೊರೆಯುವ ಅಲಗು) ಹಾಕಲೇಬೇಡಿ. 75 ಮಿ.ಮೀ. ಬಿಟ್‌ಗೆ ನಿಮಿಷಕ್ಕೆ 10–12 ಸಾವಿರ ಸುತ್ತೇ ಗರಿಷ್ಠ ಮಿತಿ.

ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು ಬಿಚ್ಚಿ. ಮೊದಲು ಕಾರ್ಬನ್ ಬ್ರಷ್ (ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಇಂಗಾಲದ ತುಂಡು) ನೋಡಿ. ಸವೆದಿದ್ದರೆ ವೇಗ ಏರಿಳಿಯುತ್ತದೆ, ಸುಮ್ನೆ ವೇಗ ನಿಯಂತ್ರಿಸುವ ಎಲೆಕ್ಟ್ರಾನಿಕ್ ಬೋರ್ಡ್ ಮೇಲೆ ಅನುಮಾನ ಬರುತ್ತದೆ. ಆಮೇಲೆ ಡಯಲ್. ಅದರೊಳಗೆ ಮರದ ಪುಡಿ ಸೇರುವುದು ಮಾಮೂಲಿ. ಮಲ್ಟಿಮೀಟರ್‌ನ ಒಂದು ಕಡ್ಡಿ ಮಧ್ಯದ ಕಾಲಿಗೆ, ಇನ್ನೊಂದು ಪಕ್ಕದ ಕಾಲಿಗೆ ಇಟ್ಟು ನಿಧಾನ ತಿರುಗಿಸಿ. ಓಮ್ಸ್ (ವಿದ್ಯುತ್ ರೋಧದ ಅಳತೆ) ಒಂದೇ ಸಮ ಬದಲಾಗಬೇಕು, ನಡುವೆ ಜಿಗಿದರೆ ಡಯಲ್ ಹೋಗಿದೆ.

ತುಂಬಾ ಜನ ನೋಡದೇ ಬಿಡುವುದು ಮೋಟಾರ್ ಶಾಫ್ಟ್ ತುದಿಯ ಮ್ಯಾಗ್ನೆಟ್ ರಿಂಗ್. ಹಲವು ಮಾಡೆಲ್‌ಗಳಲ್ಲಿ ಬೋರ್ಡ್‌ಗೆ ವೇಗ ತಿಳಿಯುವುದೇ ಅದರಿಂದ. ಒಡೆದಿದ್ದರೆ ಅಥವಾ ಸಡಿಲವಾಗಿದ್ದರೆ ವೇಗ ಹಿಡಿತ ತಪ್ಪುತ್ತದೆ. ಅದೂ ಸರಿ ಇದ್ದರೆ ಬೋರ್ಡ್ ಮೇಲಿನ ಟ್ರಯಾಕ್ (ಮೋಟಾರಿಗೆ ಹೋಗುವ ಕರೆಂಟ್ ಹತೋಟಿ ಮಾಡುವ ಬಿಡಿಭಾಗ) ಶಾರ್ಟ್ ಆಗಿರಬಹುದು. ಅಂಟು ಸುರಿದು ಮುಚ್ಚಿದ ಬೋರ್ಡನ್ನು ಕೆದಕಬೇಡಿ, ಮಾಡೆಲ್ ನಂಬರ್ ಹೇಳಿ ಹೊಸ ಬೋರ್ಡೇ ತನ್ನಿ.