ಎರಡನೇ ಶನಿವಾರದ ಟೀ ಪಾರ್ಟಿ: ನಮ್ಮ ಸಭೆಯಲ್ಲಿ ಹೀಗೆ ಮಾಡಿದೆವು

"ಹೆಂಗಸರೆಲ್ಲ ಕೂತುಬಿಟ್ಟರೆ ಟೀ ಮಾಡೋರು ಯಾರು?" ಅಂತ, ಹೆಂಗಸರಿಗೊಂದು ಟೀ ಪಾರ್ಟಿ ಇಡೋಣ ಅಂದಾಗ ನಮ್ಮ ಚರ್ಚಿನ ಸಭಾ ಸಮಿತಿಯಲ್ಲಿ ಹಿರಿಯರೊಬ್ಬರು ಕೇಳಿದ್ದರು. ಕೋಲಾರದ ನಮ್ಮ ಸಭೆಯಲ್ಲಿ ಯುವಕರ ಕೂಟದ ಹುಡುಗರು ಮಾಡಿದರು, ಚೆನ್ನಾಗಿಯೇ ಮಾಡಿದರು. ಹೆಂಗಸರು, ಹೆಣ್ಣುಮಕ್ಕಳು ಸೇರಿ 80ರ ಹತ್ತಿರ ಜನ ಕೂತು ಕುಡಿದೆವು.

ಮೊದಲು ಭಾನುವಾರ ಆರಾಧನೆ ಮುಗಿದ ಮೇಲೆ ಇಟ್ಟು ನೋಡಿದ್ದೆವು. ಯಾವಾಗಲೂ ಉಳಿಯೋರೇ ಉಳಿದರು, ಮಿಕ್ಕವರಿಗೆ ಮನೆಯಲ್ಲಿ ಅಡುಗೆ ಬಾಕಿ. ಆಮೇಲೆ ಮಾರ್ಚ್ ಮೊದಲ ಶುಕ್ರವಾರದ ವಿಶ್ವ ಪ್ರಾರ್ಥನಾ ದಿನಕ್ಕೆ ಸೇರಿಸಿದೆವು. ಬೇರೆ ಸಭೆಗಳ ಹೆಂಗಸರು ಬಂದರು, ಆದರೆ ಶಾಲೆ ಇರೋ ದಿನ, ಹುಡುಗಿಯರೇ ಇಲ್ಲ. ಸಂಜೆ ಇಟ್ಟಾಗ ಇನ್ನೂ ಕಷ್ಟ. ನಮ್ಮ ಕಡೆ ಹಸು ಕಟ್ಟಿರೋ ಮನೆಗಳು ಜಾಸ್ತಿ. ಡೇರಿಗೆ ಹಾಲು ಹಾಕೋ ಹೊತ್ತಲ್ಲಿ ಯಾರು ಕೂರ್ತಾರೆ?

ಕೊನೆಗೆ ಎರಡನೇ ಶನಿವಾರ, ಎರಡೂವರೆಯಿಂದ ನಾಲ್ಕೂವರೆ ಅಂತ ಗೊತ್ತು ಮಾಡಿದೆವು. ನಾಲ್ಕೂವರೆಗೆ ಸರಿಯಾಗಿ ಮುಗಿಸಿದೆವು. ಭಾಷಣ ಇಲ್ಲ, ಮುಖ್ಯ ಅತಿಥಿ ಇಲ್ಲ, ಶಾಲು ಹಾರ ಇಲ್ಲ. ಒಂದು ಚಿಕ್ಕ ಪ್ರಾರ್ಥನೆ, ಕನ್ನಡದಲ್ಲೊಂದು ಹಾಡು, ತೆಲುಗಿನಲ್ಲೊಂದು. ಕೆಜಿಎಫ್‌ನಿಂದ ಮದುವೆಯಾಗಿ ಬಂದ ಅಕ್ಕ ತಮಿಳಿನದ್ದು ಶುರು ಮಾಡಿದರು, ಅದೂ ಆಯಿತು.

ಲೋಟದ ವಿಷಯದಲ್ಲಿ ನಾನು ಹಟ ಹಿಡಿದೆ. ಪೇಪರ್ ಕಪ್ಪು ಸಾಕು ಅಂದರು, ಬೇಡ ಅಂದೆ. ಹೋಟೆಲಿನಲ್ಲಿ ತಮ್ಮ ಜನಕ್ಕೆ ಅಂತ ಬೇರೆ ಲೋಟ ಇಡುತ್ತಿದ್ದುದನ್ನು ಕಂಡ ಅಜ್ಜಿಯರು ನಮ್ಮ ಸಭೆಯಲ್ಲಿ ಇದ್ದಾರೆ. ಸಭೆಯವರಲ್ಲದ ಅಕ್ಕಪಕ್ಕದ ಮನೆಯವರನ್ನೂ ಕರೆದಿದ್ದೆವು. ಎಲ್ಲರಿಗೂ ಒಂದೇ ಥರದ ಸ್ಟೀಲ್ ಲೋಟ, ಶಾಮಿಯಾನ ಅಂಗಡಿಯಿಂದ ಬಾಡಿಗೆಗೆ. ಕುಡಿದಾದ ಮೇಲೆ ಒಬ್ಬ ಅಜ್ಜಿ ತಮ್ಮ ಲೋಟ ತೊಳೆಯೋಕೆ ನಲ್ಲಿ ಕಡೆ ಹೊರಟರು. "ಕೊಡಿ ಅಜ್ಜಿ" ಅಂತ ಹುಡುಗನೊಬ್ಬ ಕೈ ಚಾಚಿದ. ಅಜ್ಜಿ ಅವನ ಮುಖ ನೋಡಿದರು, ಲೋಟ ನೋಡಿದರು, ಆಮೇಲೆ ಕೊಟ್ಟರು.

ದುಡ್ಡು ನೆನಪಿದ್ದಷ್ಟು ಹೇಳ್ತೀನಿ. ಎಲ್ಲ ಸೇರಿ 6,000 ರೂಪಾಯಿಯೊಳಗೆ ಮುಗಿಯಿತು. ಅದರಲ್ಲಿ 2,000ದಷ್ಟು ಬೇಕರಿಯ ಮೊಟ್ಟೆ ಹಾಕದ ಕೇಕಿಗೇ ಹೋಯಿತು. ಕುರ್ಚಿ, ಲೋಟಕ್ಕೆ 1,000ದ ಮೇಲೆ. ನಿಪ್ಪಟ್ಟು, ಬಾಳೆಹಣ್ಣು ಮಿಕ್ಕಿದ್ದರಲ್ಲಿ. 6 ಲೀಟರ್ ಹಾಲಿಗೆ 3 ಲೀಟರ್ ನೀರು, ಕಾಲು ಕೆಜಿ ಟೀ ಪುಡಿ. ಶುಂಠಿ ಏಲಕ್ಕಿ ಅಳತೆ ಮಾತ್ರ ಹೇಳಲ್ಲ. ಸಕ್ಕರೆ ಪಾತ್ರೆಗೆ ಹಾಕಲೇ ಇಲ್ಲ, ಬಟ್ಟಲಲ್ಲಿ ಇಟ್ಟೆವು. ಶುಗರ್ ಇದೆ ಅಂತ ಯಾರೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಬ್ಯಾನರ್ ಹಾಕಿದರೆ ಖರ್ಚೆಲ್ಲ ತಮ್ಮದು ಅಂತ ಒಬ್ಬರು ಬಂದಿದ್ದರು, ಬೇಡ ಅಂದೆವು. ತಿಂಗಳಿಗೆ 20 ರೂಪಾಯಿಯಂತೆ ನಾವೇ ಕೂಡಿಸಿದ್ದು ಸಾಕಾಯಿತು.

ಮೆಟ್ಟಿಲಿಗೆ ಹಲಗೆ ಹಾಕಿದ್ದು ಗಾಲಿಕುರ್ಚಿ ಹತ್ತಿಸುವಾಗ ಜಾರಿತು. ಕೆಳಗೆ ಒದ್ದೆ ಗೋಣಿಚೀಲ ಕೊಟ್ಟ ಮೇಲೆ ಅಲ್ಲಾಡಲಿಲ್ಲ. ಮನೆಯಲ್ಲಿ ಸುಮ್ನೆ ರಾಗಿ ಕೇಕ್ ಕೂಡ ಮಾಡಿ ನೋಡಿದ್ದೆ. ಮೊದಲನೆಯದು ಪುಡಿಪುಡಿ. ಮೊಸರು, ಕಳಿತ ಬಾಳೆಹಣ್ಣು ಹಾಕಿದ್ದು ಚೆನ್ನಾಗಿ ಹಿಡಿದುಕೊಂಡಿತು. ಬೇಕರಿ ಕೇಕಿಗಿಂತ ಮುಂಚೆ ಅದೇ ಖಾಲಿ. ಹುಡುಗಿಯರು ಗುಂಪು ಕಟ್ಟಿ ಮೂಲೆ ಸೇರದೆ ಅಜ್ಜಿಯರ ಪಕ್ಕ ಕೂತಿದ್ದು ಹೇಗೆ ಅಂತ ತುಂಬ ಜನ ಕೇಳಿದರು. ಅದು ಸದ್ಯಕ್ಕೆ ನಮ್ಮಲ್ಲೇ ಇರಲಿ.

ನರಸಾಪುರದ ಫ್ಯಾಕ್ಟರಿಗಳಿಗೆ ಹೋಗೋ ಹುಡುಗಿಯರು ಮಾತ್ರ ಬರೋಕಾಗಲಿಲ್ಲ, ಅವತ್ತು ಶಿಫ್ಟ್ ಇತ್ತು. ಅವರಿಗೆಲ್ಲ ಒಟ್ಟಿಗೆ ಯಾವತ್ತು ರಜೆ ಸಿಗುತ್ತೆ ಅಂತ ವಿಚಾರಿಸ್ತಾ ಇದ್ದೀನಿ.