ಸೀಟು ಖಚಿತ ಅಂತ ಬರುತ್ತೆ, ಚೆಕ್-ಇನ್ ಮಾತ್ರ ಆಗಲ್ಲ: ನನ್ನ ಅನುಭವ

ಕ್ರಿಸ್‌ಮಸ್ ರಜೆಗೆ ಮನೆಗೆ ಹೊರಟಿದ್ದೆ. ಮಂಜಿನಿಂದ ಮೊದಲ ವಿಮಾನ ತಡವಾಗಿ, ಮುಂದಿನದು ತಪ್ಪಿತು. ಟಿಕೆಟ್ ಕೊಟ್ಟಿದ್ದ ಕಂಪನಿಯ ಆ್ಯಪ್ ತಾನಾಗಿಯೇ ಬೇರೊಂದು ಕಂಪನಿಯ ವಿಮಾನದಲ್ಲಿ ಸೀಟು ಕೊಟ್ಟಿತು. ಬುಕಿಂಗ್ ಖಚಿತ ಅಂತ ಬರುತ್ತಿತ್ತು. ಚೆಕ್-ಇನ್ ಒತ್ತಿದರೆ ಮಾತ್ರ ಎರರ್.

ಆ್ಯಪ್ ತೆಗೆದು ಮತ್ತೆ ಹಾಕಿದೆ, ವೆಬ್‌ಸೈಟ್ ನೋಡಿದೆ, ಆಗಲಿಲ್ಲ. ಹೊಸ ಕಂಪನಿಯ ಕೌಂಟರ್‌ನಲ್ಲಿ ಕ್ಯೂ ನಿಂತದ್ದೂ ದಂಡ. ಬೇರೆಯವರು ಕೊಟ್ಟ ಟಿಕೆಟ್ ಬದಲಿಸಲು ಆಗಲ್ಲ ಅಂದರು.

ಕಾರಣ ಆಮೇಲೆ ತಿಳಿಯಿತು: ಬುಕಿಂಗ್ ಬೇರೆ, ಟಿಕೆಟ್ ಬೇರೆ. 6 ಅಕ್ಷರದ ಪಿಎನ್‌ಆರ್ ಸೀಟು ಕಾದಿರಿಸಿದ್ದನ್ನು ಮಾತ್ರ ಹೇಳುತ್ತದೆ. ಟಿಕೆಟ್ ಅಂದರೆ 13 ಅಂಕಿಯ ಇ-ಟಿಕೆಟ್ ಸಂಖ್ಯೆ. ನನ್ನದು ಇನ್ನೂ ತಪ್ಪಿಹೋದ ವಿಮಾನಕ್ಕೇ ಅಂಟಿಕೊಂಡಿತ್ತು. ಆ್ಯಪ್ ಇದನ್ನು ಹೇಳುವುದೇ ಇಲ್ಲ, ಅದೇ ಕಿರಿಕಿರಿ.

ಆ ಸಂಖ್ಯೆಯ ಮೊದಲ 3 ಅಂಕಿ ಟಿಕೆಟ್ ಕೊಟ್ಟ ಕಂಪನಿಯ ಗುರುತು. ಫೋನ್ ಮಾಡಬೇಕಾದ್ದು ಅವರಿಗೇ. ಮೊದಲು 13 ಅಂಕಿ ಹೇಳಿ. ಆಮೇಲೆ ‘ಹೊಸ ವಿಮಾನಕ್ಕೆ ಟಿಕೆಟ್ ರೀಇಶ್ಯೂ ಮಾಡಿ’ ಎಂದೇ ಕೇಳಿ; ರೀಇಶ್ಯೂ ಅಂದರೆ ಟಿಕೆಟ್ ಹೊಸದಾಗಿ ಮಾಡಿಕೊಡುವುದು. ‘ಬುಕಿಂಗ್ ಇದೆಯಾ ನೋಡಿ’ ಅಂದರೆ ‘ಇದೆ’ ಅಂತ ಫೋನ್ ಇಟ್ಟುಬಿಡುತ್ತಾರೆ. ಹೊಸ ರಸೀದಿ ಇಮೇಲ್‌ಗೆ ಬರುವವರೆಗೆ ಲೈನ್ ಬಿಡಬೇಡಿ. ಅದರಲ್ಲಿ ವಿಮಾನದ ನಂಬರ್, ತಾರೀಖು ತಾಳೆ ನೋಡಿ. ಹೊಸ ಕಂಪನಿಯ ಪಿಎನ್‌ಆರ್ ಬೇರೆಯೇ ಇರಬಹುದು, ಅದನ್ನೂ ಬರೆದುಕೊಳ್ಳಿ. ಅದನ್ನು ಆ ಕಂಪನಿಯ ವೆಬ್‌ಸೈಟ್‌ನಲ್ಲಿ ಹಾಕಿದ ತಕ್ಷಣ ನನಗೆ ಬೋರ್ಡಿಂಗ್ ಪಾಸ್ ಬಂತು.

ಮೊದಲೇ ಲಗೇಜ್ ಕೊಟ್ಟಿದ್ದರೆ ಅದರ ಟ್ಯಾಗ್ ನಂಬರ್ ಕೌಂಟರ್‌ನಲ್ಲಿ ತೋರಿಸಿ. ವಾಪಸ್ ಟಿಕೆಟ್ ಹಾಗೇ ಇದೆಯಾ ಅಂತ ಅದೇ ಫೋನಿನಲ್ಲಿ ಕೇಳಿಬಿಡಿ. ಒಂದು ವಿಮಾನಕ್ಕೆ ಬಂದಿಲ್ಲ ಎಂದು ದಾಖಲಾದರೆ ಅದೇ ಟಿಕೆಟ್‌ನ ಉಳಿದವೂ ರದ್ದಾಗುವುದುಂಟು.